ನಲವತ್ತೊಂದರ ತಗಡು

ಫೆಬ್ರವರಿ 3, ಬೆಳಿಗ್ಗೆ 11
ಅಜ್ಜಿಯ ಗೋರಿ ಹುಡುಕುತ್ತ ಇದು ಮೂರನೇ ಚರ್ಚಿನ ಹಿತ್ತಲು. ಗೋರಿಗಳ ಪಾಚಿ ಕೆರೆಯಲು ಟೂತ್‌ಬ್ರಷ್ಷು ತಂದಿದ್ದೇನೆ. ನನಗಂತೂ ಹಲ್ಲಿಲ್ಲ, ಹಿರಿಯರಾದರೂ ಉಜ್ಜಿಸಿಕೊಳ್ಳಲಿ. ಮುತ್ತಜ್ಜ ಸಿಕ್ಕ. ಪಕ್ಕದಲ್ಲೇ ಮುತ್ತಜ್ಜಿ. ಅಜ್ಜಿ ಇಲ್ಲ...

ಅಕ್ಕನಿಗೆ ಅಜ್ಜಿಯ ಗುಂಡಿಯೇ ಬೇಕಂತೆ. ಅವಳನ್ನು ಎತ್ತಿ ಆಡಿಸಿದವಳು ಅಜ್ಜಿ. ಹಳೇ ಗೋರಿ ತೆರೆದು ಮನೆಯವರನ್ನು ಜೊತೆಗೆ ಮಲಗಿಸುವ ರೂಢಿ ಇಲ್ಲಿದೆ. ಗೋರಿ ಯಾವುದೆಂದು ನಾವೇ ತೋರಿಸಿ ಸಹಿ ಹಾಕಬೇಕು. ಡಾಕ್ಟರು ಅಕ್ಕನಿಗೆ ಕೊಟ್ಟಿರುವುದು ಒಂದು ತಿಂಗಳು.

ಫೆಬ್ರವರಿ 9
ಚರ್ಚಿನ ರಿಜಿಸ್ಟರಲ್ಲಿ ಅಜ್ಜಿ — ನಂಬರ್ 41. ಬಡವರಿಗೆ ಕಲ್ಲಿಲ್ಲ. ಗೂಟಕ್ಕೆ ಹೊಡೆದ ತಗಡಿನ ನಂಬರು ಅಷ್ಟೇ. ಅಕ್ಕನಿಗೆ ಫೋನ್ ಮಾಡಿದೆ.

"ಸಿಕ್ಕಿದ್ಳಾ?"

"ಪುಸ್ತಕದಲ್ಲಿ ಸಿಕ್ಕಿದ್ಳು. ನಾಳೆ ನೆಲದಲ್ಲಿ."

"ತಮಾಷೆ ಮಾಡ್ಬೇಡ ಕಣೋ."

"ಎಪ್ಪತ್ತೆಂಟು ವರ್ಷದ ಚಟ ಅಕ್ಕ. ಗುಂಡಿಗೆ ಹೋಗೋವರ್ಗೂ ಬಿಡಲ್ಲ."

ಫೆಬ್ರವರಿ 10
ತಗಡು ಸಿಕ್ಕಿತು. ಆದರೆ 40ರ ಪಕ್ಕದಲ್ಲಲ್ಲ. 17 ಮತ್ತು 63ರ ನಡುವೆ.

ಗುಂಡಿ ತೋಡುವವನು ನಕ್ಕ. "ಯಾವ್ದೋ ತರಲೆ ಹುಡುಗ್ರು ಹಿಂದೆ ತಗಡೆಲ್ಲ ಕಿತ್ತು ಅದಲುಬದಲು ಮಾಡಿದ್ರಂತೆ ಸಾರ್. ನಮ್ಮಪ್ಪ ಸಾಯೋವರ್ಗೂ ಬೈತಿದ್ದ."

ಕೂತುಬಿಟ್ಟೆ. ಮಂಡಿ ನೋವು ಅಂದೆ.

ಹುಡುಗರಲ್ಲ, ಒಬ್ಬನೇ — ನಾನು. ಆಗ ನನಗೆ ಹತ್ತು ವರ್ಷ. ರಜೆಗೆ ನೆಂಟರ ಮನೆಗೆ ಬಂದಿದ್ದೆ. ಗೇಟು, ಗೋಡೆ ಎಲ್ಲ ಈಗ ಹೊಸದು, ಗುರುತೇ ಹತ್ತಿರಲಿಲ್ಲ. ಇಪ್ಪತ್ತು ತಗಡು... ಇನ್ನೂ ಜಾಸ್ತಿಯೋ. ಸತ್ತವರಿಗೆಲ್ಲ ಮನೆ ಬದಲಾಯಿಸಿದೆ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಜ್ಜಿಯೂ ಇಲ್ಲೇ ಇದ್ದಾಳೆಂದು ಯಾರೂ ಹೇಳಿರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ.

ಫೆಬ್ರವರಿ 12
40ರ ಪಕ್ಕ ಅಗೆಸೋಣವೆಂದರೆ ಆ 40 ತಾನಾದರೂ ನಿಜವೋ ನನ್ನ ಕೈಚಳಕವೋ. ನಕ್ಷೆ ಇಲ್ಲ. ಯಾವುದರ ಜಾಗಕ್ಕೆ ಯಾವುದು ಇಟ್ಟೆ — ತಲೆ ಚಚ್ಚಿಕೊಂಡರೂ ನೆನಪಿಲ್ಲ.

ಫೆಬ್ರವರಿ 26
ಪಾದ್ರಿ ಫಾರ್ಮ್ ಮುಂದಿಟ್ಟರು. "ಗ್ಯಾರಂಟಿ ತಾನೇ ಯಜಮಾನ್ರೇ?" ಪೆನ್ನು ಹಿಡಿದೆ. ಸಹಿ ಹಾಕದೆ ಮುಚ್ಚಳ ಹಾಕಿಟ್ಟೆ.

ಫೆಬ್ರವರಿ 27, ಸಂಜೆ 5
ಅಕ್ಕನ ಮಂಚದ ಪಕ್ಕ. ಎಲ್ಲ ಹೇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇದೂ ನಿನ್ನ ತಮಾಷೆ ತಾನೇ?"

ಅವಳ ಹೊದಿಕೆ ಸರಿಮಾಡಿದೆ.

"ತಮಾಷೆ ಅನ್ನೋ."

ಕೈ ಹಿಡಿದುಕೊಂಡಿದ್ದಾಳೆ. ಇನ್ನೂ ಕಾಯುತ್ತಿದ್ದಾಳೆ. ಜೀವಮಾನವಿಡೀ ಸುಳ್ಳು ಹೇಳಿ ನಗಿಸಿದವನು, ಇದೊಂದು ಸುಳ್ಳಿಗೆ ಬಾಯಿ ಬರುತ್ತಿಲ್ಲ.