ಶನಿಯಾಚೆಯಿಂದ ಬರುವವರು

ಕಾಟಿಪಳ್ಳ
೧೨-೯-೧೯೮೪

ನಫೀಸಾಳ ಬಾಪರಿಗೆ ಶರೀಫಾಳ ಸಲಾಂ.

ನೀವು ಮುಂದಿನ ತಿಂಗಳು ದುಬೈಯಿಂದ ಬರುವ ಸುದ್ದಿ ತಿಳಿದು ಮನೆಯವರೆಲ್ಲ ಸಂತೋಷದಲ್ಲಿದ್ದಾರೆ. ಮಗಳು ಮಾತ್ರ ಹೆದರಿದ್ದಾಳೆ.

ವಾರಪತ್ರಿಕೆಯಲ್ಲಿ 'ಶನಿಯಾಚೆ' ಎಂಬ ಧಾರಾವಾಹಿ ಬರುತ್ತಿತ್ತು. ಅದರ ಗಗನನೌಕೆಯ ಕ್ಯಾಪ್ಟನ್ ಶನಿಗ್ರಹದ ಆಚೆ ಕಾಣೆಯಾದಲ್ಲಿಗೆ ಕಥೆ ಮುಗಿದಿತ್ತು. ದೀಪಾವಳಿಗೆ ಹೊಸ ಸರಣಿ ಶುರುವಂತೆ. ಇಲ್ಲಿಯ ಮಕ್ಕಳಿಗೆಲ್ಲ ಈಗ ಅದೇ ಚರ್ಚೆ. "ಬರುವುದು ಕ್ಯಾಪ್ಟನ್ ಅಲ್ಲ ಮಾರಾಯ್ತಿ, ಅವನ ಮುಖ ಹಾಕಿಕೊಂಡ ಯಂತ್ರ. ಹೆಂಡತಿಗೂ ಗೊತ್ತಾಗುವುದಿಲ್ಲ" ಎಂದು ಪಕ್ಕದ ಮನೆಯ ಕುಶಲಾ ನಫೀಸಾಳಿಗೆ ಹೇಳಿದ್ದಾಳೆ. ಅಂದಿನಿಂದ ಇವಳು ನೀವು ಕಳಿಸಿದ ಕಪ್ಪು ಕನ್ನಡಕದ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಡುತ್ತಾಳೆ. "ಉಮ್ಮಾ, ಬರುವವರು ಬಾಪನೇ ಅಂತ ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ಕೇಳಿದಳು. ನಾನು ನಕ್ಕುಬಿಟ್ಟೆ.

ಅವಳನ್ನು ತೊಟ್ಟಿಲಲ್ಲಿ ನೋಡಿ ಹೋದವರು ನೀವು. ದಯವಿಟ್ಟು ಕನ್ನಡಕ ತೆಗೆದೇ ಅಂಗಳಕ್ಕೆ ಬನ್ನಿ. ಮೀನಿನಷ್ಟೇ ಇದ್ದಾಳೆಂದು ಆಗ ಅವಳನ್ನು 'ಬೂತಾಯಿ' ಎನ್ನುತ್ತಿದ್ದಿರಿ. ಹಾಗೆಯೇ ಕರೆಯಿರಿ. ಆ ಹೆಸರು ಯಂತ್ರಕ್ಕೆ ಗೊತ್ತಿರುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ.

ಮದುವೆಯ ಹೊಸತರಲ್ಲಿ ನನಗೂ ಒಂದು ಹೆಸರಿಟ್ಟಿದ್ದಿರಿ. ಅದನ್ನು ಇಲ್ಲಿ ಬರೆಯುವುದಿಲ್ಲ.

ದಾರಿ ಕಾಯುತ್ತಿರುವ
ಶರೀಫಾ