ಆರನೇ ಠರಾವಿಗೆ ಎತ್ತಿದ ಕೈ

ಆಗಸ್ಟ್ ೨೪, ಭಾನುವಾರ, ಸಂಜೆ ೬

ಕ್ಷಮೆ ಇರಲಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಬಹುಶಃ ಈ ನೋಟ್‌ಬುಕ್ಕನ್ನೇ. ಸ್ಟ್ಯಾಟಿಸ್ಟಿಕ್ಸ್‌ಗೆಂದು ತಂದದ್ದು. ಇದರಲ್ಲಿ ಡೈರಿ, ಅದೂ ಕನ್ನಡದಲ್ಲಿ... ನಾಲ್ಕನೇ ಇಯತ್ತೆ ಮುಗಿಸಿ ಪುಣೆಯ ಇಂಗ್ಲಿಷ್ ಶಾಲೆಯ ಹಾಸ್ಟೆಲ್ ಸೇರಿದವಳು ನಾನು. ಕನ್ನಡ ಅಲ್ಲಿಗೇ ನಿಂತಿದೆ. ಆದರೆ ಇಲ್ಲಿ, ಸೋಲಾಪುರದ ಕಾಲೇಜ್ ಹಾಸ್ಟೆಲ್‌ನಲ್ಲಿ, ರೂಮ್‌ಮೇಟ್ ಶುಭಾಂಗಿ ಎಲ್ಲರ ನೋಟ್‌ಬುಕ್ ತಿರುವಿ ನೋಡುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು. ಅದಕ್ಕೇ.

ಬಟ್ಟೆ ಒಗೆದು ಹಾಕಿದೆ. ಇವತ್ತು ವಿಜಾಪುರ ರಸ್ತೆಯ ಹಾಲ್‌ನಲ್ಲಿ ರಾಷ್ಟ್ರೀಯ ಸೂಜಿ ಕಸುಬು ಪರಿಷತ್ತಿನ ವಾರ್ಷಿಕ ಸಭೆ. ಆಫೀಸು ದಿಲ್ಲಿಯಲ್ಲಿ, ಸಭೆ ವರ್ಷಕ್ಕೊಂದು ಊರಲ್ಲಿ. ಈ ಸಲ ಸೋಲಾಪುರ. ನಮ್ಮೂರು ತಡವಳದಿಂದ, ಹಳೆಯ ಬಟ್ಟೆ ಪದರು ಹಾಕಿ ಕೌದಿ ಹೊಲಿಯುವ ಅರವತ್ತೆರಡು ಸದಸ್ಯೆಯರು ಟೆಂಪೋ ಮಾಡಿಕೊಂಡು ಬಂದಿದ್ದರು. ಇಂಗ್ಲಿಷಿನಲ್ಲಿ ನಡೆಯುವುದನ್ನು ಅವರಿಗೆ ಕನ್ನಡದಲ್ಲಿ ಹೇಳುವ ವಾಲಂಟಿಯರ್ ಬೇಕಿತ್ತು. ನಾನೇ.

ನಲವತ್ತು ನಿಮಿಷದಲ್ಲಿ ಹನ್ನೆರಡು ಠರಾವು. ಮೈಕ್ ಬೆವರಿಗೆ ಜಾರುತ್ತಿತ್ತು. ಆರನೆಯದರ ಕಾಗದ ಎರಡು ಪುಟ — ಅರ್ಧ ಓದುವಷ್ಟರಲ್ಲಿ ಪರಿಷತ್ತಿನ ವಿಭಾಗೀಯ ಸಂಯೋಜಕ ಅಮೋಲ್ ಸರ್ ಗಡಿಯಾರ ತೋರಿಸಿದರು. ಏನಿದು ಸರ್ ಅಂದೆ. ಜಸ್ಟ್ ಪ್ರೊಸೀಜರಲ್ ಅಂದರು. ನಿಯಮದ ಸಣ್ಣ ತಿದ್ದುಪಡಿ, ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದು ಹೇಳಿಬಿಟ್ಟೆ. ಮೊದಲು ಎತ್ತಿದವಳು ನಮ್ಮ ಆಯಿ, ಗುರಮ್ಮ. ಮೊಮ್ಮಗಳು ಮೈಕ್ ಹಿಡಿದಿದ್ದಾಳೆಂದು ಬಾಯಿತುಂಬ ನಗುತ್ತಿದ್ದಳು. ಆಮೇಲೆ ಎಲ್ಲರೂ. ನಮ್ಮೂರಿನ ಶಾರದಾಕಾಕು ಮಾತ್ರ ಕೇಳಿದರು:

"ಅದರಾಗ ಏನದ ಪೂನಮ? ಬಿಡಿಸಿ ಹೇಳು."

"ಏನಿಲ್ರಿ ಕಾಕು, ಫಾರ್ಮಾಲಿಟಿ."

ಕೊನೆಗೆ ಅವರೂ ಎತ್ತಿದರು. ನನಗೆ ಸರ್ಟಿಫಿಕೇಟ್, ಪೆನ್ ಸೆಟ್. ಚೆನ್ನಾಗಿಯೇ ಆಯಿತು ಅನಿಸುತ್ತದೆ.

ಸೆಪ್ಟೆಂಬರ್ ೯, ಮಂಗಳವಾರ

ಪರಿಷತ್ತಿನ ವಾರ್ಷಿಕ ಪ್ರಗತಿ ವರದಿ ಬಂತು. ನುಣುಪು ಕಾಗದ, ತೂಕದ ಪುಸ್ತಕ. ಮೊದಲ ಚಿತ್ರವೇ ಆಯಿ! ಇಡೀ ಪುಟ. ಕೈ ಎತ್ತಿ ನಗುತ್ತಿದ್ದಾಳೆ. ಕೆಳಗೆ — ‘ಕಸುಬುದಾರರೇ ನಡೆಸುವ ಸಂಸ್ಥೆ.’ ಇಡೀ ಹಾಸ್ಟೆಲ್‌ಗೆ ತೋರಿಸಿ ಬಂದೆ.

ಆಮೇಲೆ ಓದಿದೆ.

ಪುಟ ೮: ತಡವಳದ ಕೌದಿಗಳ ಉತ್ಪಾದನೆ ಒಂದೇ ವರ್ಷದಲ್ಲಿ ಮೂರು ಪಟ್ಟು. ಹೇಗೆ? ಹೊಲಿಯುವವರು ಅಷ್ಟೇ ಜನ. ಒಂದು ಕೌದಿಗೆ ತಿಂಗಳು ಬೇಕು.

ಪುಟ ೩೧: ಆರನೇ ಠರಾವು, ಸರ್ವಾನುಮತದಿಂದ. ಕಾರ್ಯಕಾರಿ ಸಮಿತಿಯ ಹದಿನೈದು ಜಾಗಗಳಲ್ಲಿ ಹೊಲಿಯುವವರು ತಾವೇ ಆರಿಸಿ ತುಂಬುತ್ತಿದ್ದದ್ದು ಒಂದನ್ನು. ಮೂರು ವರ್ಷದಿಂದ ಅಲ್ಲಿ ಶಾರದಾಕಾಕು ಕೂರುತ್ತಿದ್ದರು. ಇನ್ನು ಮುಂದೆ ಆರಿಸುವಂತಿಲ್ಲ. ಸಮಿತಿಯೇ ನೇಮಿಸುತ್ತದೆ. ನೇಮಿಸಿಯೂ ಆಗಿದೆ — ಮನೀಷಾ ಮೇಡಂ, ಪುಣೆಯಲ್ಲಿ ಬೂಟೀಕ್. ಅವತ್ತು ವೇದಿಕೆಯ ಮೇಲಿದ್ದರು. ಉಗುರು ನೋಡಿದ್ದೆ. ಅಷ್ಟುದ್ದದ ಉಗುರಿನಲ್ಲಿ ಯಾರೂ ಸೂಜಿ ಹಿಡಿಯಲಾರರು.

ಸಣ್ಣ ತಿದ್ದುಪಡಿ. ನನ್ನದೇ ಬಾಯಿ. ನನ್ನದೇ ದನಿ, ಮೈಕಿನಲ್ಲಿ.

ಸೆಪ್ಟೆಂಬರ್ ೧೪, ಭಾನುವಾರ, ತಡವಳ

ಫೋನ್‌ನಲ್ಲಿ ಹೇಳಲು ಐದು ದಿನ ಧೈರ್ಯ ಬರಲಿಲ್ಲ. ಬಸ್ ಹತ್ತಿದೆ. ಅಕ್ಕಲಕೋಟದಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಅನಿಸಿತು. ಮುಂದಿನ ಬಸ್ ತಡವಳದ್ದೇ ಬಂತು.

ಪಡಸಾಲೆಯಲ್ಲಿ ಆಯಿ, ಶಾರದಾಕಾಕು. ಎಲ್ಲ ಹೇಳಿದೆ. ಕಾಕು ಬೈಯಲಿಲ್ಲ. ಮನೆಗೆ ಹೋಗಿ ಒಂದು ಕೌದಿ ತಂದರು. ಅಕ್ಕಲಕೋಟದಲ್ಲಿ ಪರಿಷತ್ತು ಹಾಕಿದ್ದ ಮಳಿಗೆಯಲ್ಲಿ ಕೊಂಡದ್ದಂತೆ. ಚೀಟಿಯ ಮೇಲೆ ‘ತಡವಳದ ಕೈಕೆಲಸ’. ಬ್ಲೇಡಿನಿಂದ ಮೂಲೆ ಬಿಚ್ಚಿದರು. ನಾಲ್ಕೂ ಮೂಲೆ. ಬೆರಳು ಹಾಕಿ ನೋಡು ಅಂದರು.

"ಏನಾದ್ರೂ ಸಿಕ್ತೇನು?"

"ಇಲ್ರಿ."

"ಹೊಟ್ಟಿ ಖಾಲಿ ಅದ. ಮಶೀನಿಗೇನು ಗೊತ್ತದ."

ನಮ್ಮೂರಲ್ಲಿ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಕಡಕ್ ರೊಟ್ಟಿಯ ಒಂದು ಚೂರು ಇಡುತ್ತಾರೆ, ಉಗುರಿನಷ್ಟು. ಹೊದ್ದವರನ್ನು ಬೆಚ್ಚಗಿಡುವ ಕೌದಿ ತಾನು ಹಸಿದಿರಬಾರದು. ಚಿಕ್ಕವಳಿದ್ದಾಗ ಆ ಚೂರು ಮುರಿದು ಕೊಡುವ ಕೆಲಸ ನನ್ನದೇ ಇತ್ತು. ಮರೆತೇಹೋಗಿತ್ತು.

ಜೂನ್‌ನ ಸಮಿತಿ ಸಭೆಯಲ್ಲಿ ಕಾಕು ಇಂಥದೇ ಕೌದಿ ಬಿಚ್ಚಿ ತೋರಿಸಿದ್ದರಂತೆ. ಮಶೀನ್ ಮಾಲಿಗೆ ನಮ್ಮ ಊರಿನ ಚೀಟಿ ಯಾಕೆ ಎಂದು ಕೇಳಿದ್ದರಂತೆ. ವರದಿಯಲ್ಲಿ ಜೂನ್ ಸಭೆಗೆ ಒಂದೇ ಸಾಲು: ‘ಉಪಯುಕ್ತ ಚರ್ಚೆ ನಡೆಯಿತು.’ ಆಗಸ್ಟ್‌ನಲ್ಲಿ ಆರನೇ ಠರಾವು. ಕೇಳುವ ಬಾಯಿಯನ್ನೇ ಎಬ್ಬಿಸಿ ಕಳಿಸಿದರು — ನನ್ನ ಕೈಯಿಂದ!

ಆಯಿ ಅಷ್ಟೊತ್ತು ದಾರ ಸುತ್ತುತ್ತಿದ್ದಳು. ತಲೆ ಎತ್ತದೆ ಅಂದಳು:

"ನಮಗ ಓದಾಕ ಬರಂಗಿಲ್ಲ, ನೀನರ ಓದ್ತಿ ಅಂತ ಇಂಗ್ಲಿಷ್ ಸಾಲಿಗಿ ಹಾಕಿದ್ವಿ. ನೀನೂ ಓದಲಿಲ್ಲ."

ದಾರದ ಉಂಡೆ ಎತ್ತಿಕೊಂಡು ಒಳಗೆ ಹೋದಳು. ಆದರೂ ನನ್ನ ಚೀಲದಲ್ಲಿ ಶೇಂಗಾ ಚಟ್ನಿ ಇಟ್ಟಿದ್ದಾಳೆ.

ಸೆಪ್ಟೆಂಬರ್ ೧೬, ಮಂಗಳವಾರ

ಪರಿಷತ್ತಿನ ನಿಯಮ ಪುಸ್ತಕ ಡೌನ್‌ಲೋಡ್ ಮಾಡಿದೆ. ಈ ಸಲ ಪ್ರತಿ ಪುಟ. ಇಪ್ಪತ್ತೆರಡನೇ ನಿಯಮ: ಸಭೆಯಾದ ಮೂವತ್ತು ದಿನದೊಳಗೆ ಹತ್ತು ಸದಸ್ಯರು ಸಹಿ ಮಾಡಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು, ಠರಾವನ್ನು ಮತ್ತೆ ಮತಕ್ಕೆ ಹಾಕಲೇಬೇಕು. ಅಂಚೆಗೆ ಹಾಕಿದ ತಾರೀಖೇ ಲೆಕ್ಕ. ೨೩ ಕೊನೆಯ ದಿನ.

ಅಮೋಲ್ ಸರ್‌ಗೆ ಫೋನ್ ಮಾಡಿದೆ. ಬಹಳ ಪ್ರೀತಿಯಿಂದ ಮಾತಾಡಿದರು. ಹೆಬ್ಬೆಟ್ಟು ನಡೆಯುವುದಿಲ್ಲವಂತೆ, ಸದಸ್ಯರ ರಜಿಸ್ಟರಿನಲ್ಲಿರುವ ಸಹಿಯೇ ಬೇಕಂತೆ. ಆ ಹೆಂಗಸರು ಎಲ್ಲಿ ಸಹಿ ಮಾಡುತ್ತಾರೆ ಎಂದು ನಕ್ಕರು. ಆಮೇಲೆ ನೆನಪಿಸಿದರು: ಅವತ್ತು ಮೈಕಿನಲ್ಲಿ ವಿವರಿಸಿದವಳು ನೀನು, ನಡಾವಳಿಯಲ್ಲಿ ನಿನ್ನ ಹೆಸರಿದೆ, ತಕರಾರು ಎದ್ದರೆ ನಿನ್ನ ಕಾಲೇಜಿಗೂ ಬರೆಯಬೇಕಾಗುತ್ತದೆ.

ಮಧ್ಯಾಹ್ನದ ಲೆಕ್ಚರ್‌ಗೆ ಹೋಗಲಿಲ್ಲ. ಸಿಟ್ಟೋ ಹೆದರಿಕೆಯೋ... ಎರಡೂ.

ಸೆಪ್ಟೆಂಬರ್ ೧೮, ಗುರುವಾರ, ಲೈಬ್ರರಿ

ಪುಟ ೧೪!

ಅವರದೇ ವರದಿ. ರಜಿಸ್ಟರಿನ ಚಿತ್ರ ಹಾಕಿದ್ದಾರೆ, ದೊಡ್ಡದಾಗಿ. ಪ್ರತಿ ಹೆಸರಿನ ಮುಂದೆ ಅಂಟಿಸಿದ ಬಟ್ಟೆಯ ತುಂಡು, ಅದರ ಮೇಲೆ ಒಬ್ಬೊಬ್ಬಳ ಹೊಲಿಗೆಯ ಗುರುತು. ಆಯಿಯದು ಮೂರು ಟಾಕಿ ಹೊಲಿಗೆ, ಒಂದು ಅಡ್ಡ. ಕೌದಿಯ ಅಂಚಿಗೆ ಹಾಕುವಂಥದೇ. ಕೆಳಗೆ — ‘ನಮ್ಮ ಸದಸ್ಯೆಯರ ಸಹಿ ಸೂಜಿಯಲ್ಲಿದೆ.’ ಚಂದ ಕಾಣಲಿ ಎಂದು ಮಾಡಿಸಿದ್ದು. ಈಗ ಅದೇ ಸಹಿ!

ಜೋರಾಗಿ ನಕ್ಕೆ. ಹೊರಗೆ ಕಳಿಸಿದರು.

ಸೆಪ್ಟೆಂಬರ್ ೨೧, ಭಾನುವಾರ, ತಡವಳ

ನಮ್ಮಜ್ಜ ಮುತ್ಯಾನ ಹಳೆಯ ಧೋತರದ ತುಂಡು, ಎರಡು ಪದರ. ಮೇಲೆ ಪೆನ್ಸಿಲ್‌ನಿಂದ ವಿಶೇಷ ಸಭೆಯ ಬೇಡಿಕೆ ಬರೆದೆ. ಕಾಕು ಅದನ್ನು ಮೂರು ಸಲ ಓದಿಸಿದರು. ಪ್ರತಿ ಸಾಲಿಗೂ ನಿಲ್ಲಿಸಿ, ಇದರರ್ಥ ಏನು, ಇದಾದ ಮೇಲೆ ಏನಾಗ್ತದೆ, ಆಗದಿದ್ದರೆ ಏನು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಉಮಾಬಾಯಿ, ಅವತ್ತು ಆಯಿಯ ಪಕ್ಕ ಕೂತವರು, ಕೇಳಿದರು:

"ಈ ಸಲ ಫಾರ್ಮಾಲಿಟಿ ಇಲ್ಲೇನವಾ?"

ಎಲ್ಲರೂ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಅರವತ್ತೆರಡರಲ್ಲಿ ಅದರ ಕೆಳಗೆ ತಮ್ಮ ಗುರುತು ಹೊಲಿದವರು ಹತ್ತೊಂಬತ್ತು. ಉಳಿದವರು ಬರಲಿಲ್ಲ. ಕೆಲಸ ಕೊಡುವವರು ಅಮೋಲ್ ಸರ್. ಅವರನ್ನು ಬೈಯಬೇಡ ಎಂದು ಕಾಕು ಹೇಳಿದರು. ಬೈಯುವುದಿಲ್ಲ. ಆದರೆ ಹೆದರಿಸಿ ಮನೆಯಲ್ಲಿ ಕೂರಿಸಿ, ಅದನ್ನೇ ಸರ್ವಾನುಮತ ಎಂದು ನುಣುಪು ಕಾಗದದಲ್ಲಿ ಅಚ್ಚು ಹಾಕುವವರನ್ನು ಏನೆನ್ನಬೇಕು?

ಕೊನೆಗೆ ಆಯಿ. ಮೂರು ಟಾಕಿ, ಒಂದು ಅಡ್ಡ. ಮೂಲೆ ಮುಚ್ಚುವ ಮುಂಚೆ ನನ್ನ ಕಡೆ ಕೈ ಚಾಚಿದಳು. ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಒಳಗೆ ಹೋಗಿ ಕಡಕ್ ರೊಟ್ಟಿ ಮುರಿದು ತಂದೆ.

"ದಿಲ್ಲಿತನಕ ಹೋಗೂದದ," ಅಂದಳು. "ಹಸಕೊಂಡು ಹೋಗಬಾರದು."

ನಾನೂ ಒಂದು ಟಾಕಿ ಹಾಕಲೇ ಅಂದೆ. ಸೂಜಿ ಕೊಡಲಿಲ್ಲ.

"ನೀ ಸಹಿ ಕಾಗದದ ಮ್ಯಾಲ ಮಾಡು. ನಿಂದು ಅಲ್ಲಿ ಬಾಕಿ ಅದ."

ಸೆಪ್ಟೆಂಬರ್ ೨೨, ಸೋಮವಾರ, ಬೆಳಿಗ್ಗೆ ೯.೧೦

ಪೋಸ್ಟ್ ಆಫೀಸ್ ಹತ್ತಕ್ಕೆ. ಶುಭಾಂಗಿ ಕೇಳಿದಳು ಏನು ಬರೀತಿದ್ದೀ ಅಂತ. ಸ್ಟ್ಯಾಟಿಸ್ಟಿಕ್ಸ್ ಅಂದೆ. ಬಟ್ಟೆಯ ಜೊತೆ ಇಡುವ ಕಾಗದ ಮೊದಲು ಇಲ್ಲಿ. ತಪ್ಪಿದರೆ ತಿದ್ದಿ, ಆಮೇಲೆ ಇಂಗ್ಲಿಷಿನಲ್ಲಿ.

ಅಧ್ಯಕ್ಷರಿಗೆ, ನಮಸ್ಕಾರ. ಇದರ ಜೊತೆ ತಡವಳದ ಹತ್ತೊಂಬತ್ತು ಸದಸ್ಯೆಯರ ಬೇಡಿಕೆ ಇದೆ. ಸಹಿಗಳನ್ನು ನಿಮ್ಮ ರಜಿಸ್ಟರಿನೊಂದಿಗೆ ಹೋಲಿಸಿ ನೋಡಿ. ಆಗಸ್ಟ್ ೨೪ರಂದು ಆರನೇ ಠರಾವಿನಲ್ಲಿ ಏನಿದೆ ಎಂದು ನಾನು ಅವರಿಗೆ ಹೇಳಲಿಲ್ಲ. ನಾನೇ ಪೂರ್ತಿ ಓದಿರಲಿಲ್ಲ. ಅವರು ಕೈ ಎತ್ತಿದ್ದು ನಿಮ್ಮ ಠರಾವಿಗಲ್ಲ, ನನ್ನ ಮಾತಿಗೆ. ಇದನ್ನು ನನ್ನ ಕಾಲೇಜಿಗೂ ಬರೆಯುವುದಾದರೆ ಬರೆಯಿರಿ. ವಿಶೇಷ ಸಭೆ ಯಾವ ದಿನ ಎಂದು ತಿಳಿಸಿ. ದಯವಿಟ್ಟು ಬೇಗ ಉತ್ತರ ಕೊಡಿ.