ಯಾರ ಮನೆಯಲ್ಲೂ

೩-೨-೪೭
ಗಂಜಿ ತಳ ಹಿಡಿಯಿತು. ತಿಂದೆ. ಬೈಯುವುದಕ್ಕೂ ಜೊತೆಗೆ ಒಬ್ಬರು ಬೇಕು.

ಮಂಡ್ಯದಿಂದ ಸೇವಾಸಂಘದವರು ಸ್ಕೂಲು ನೋಡಲು ಬಂದಿದ್ದರು. ಪಟೇಲ ಹುಚ್ಚೀರಯ್ಯ ನನ್ನನ್ನು ತೋರಿಸಿ, “ನಮ್ ಮೇಷ್ಟ್ರು ಆರು ವರ್ಸದಿಂದ ಈ ಊರಲ್ಲಿ ಯಾರ್ ಮನೇಲೂ ಒಂದ್ ತುತ್ತು ಉಂಡಿಲ್ಲ ಕಣ್ರಪ್ಪ. ಅಂಥಾ ನೇಮ!” ಅಂದ. ಬಂದವರಲ್ಲೊಬ್ಬರು ನನಗೆ ಕೈ ಮುಗಿದರು. ಏಕೆ ಉಂಡಿಲ್ಲ ಅಂತ ಯಾರೂ ಕೇಳಲಿಲ್ಲ. ಹುಚ್ಚೀರಯ್ಯನಿಗೆ ಮರೆತಿದೆಯೋ, ಮರೆತ ಹಾಗೆ ಮಾಡುತ್ತಾನೋ.

ನಾನಾದರೂ ಬರೆದಿಡುತ್ತೇನೆ. ಸಕ್ಕರೆ ಕಾರ್ಖಾನೆಯ ಗುಮಾಸ್ತಗಿರಿ ಬಿಟ್ಟು ಇಲ್ಲಿಗೆ ಬಂದ ವರ್ಷ, ಚಾವಡಿಯಲ್ಲಿ ಎದ್ದು ನಿಂತು ಹೇಳಿದ್ದೆ — “ಕೇರಿಯವರಿಗೆ ಊರಬಾವಿ ಬಿಡುವ ತನಕ ಈ ಊರಲ್ಲಿ ಯಾರ ಮನೆಯಲ್ಲೂ ಉಣ್ಣುವುದಿಲ್ಲ.” ಮೇಲ್ಜಾತಿಯವರ ಮನೆಯಲ್ಲಿ ಎನ್ನಬೇಕಿತ್ತು. ಮಾತಿನ ಭರದಲ್ಲಿ ಕೇರಿಯನ್ನೂ ಸೇರಿಸಿಬಿಟ್ಟೆ! ತಿದ್ದಿಕೊಳ್ಳಲು ಜಂಬ ಬಿಡಲಿಲ್ಲ. ಪಟೇಲನಿಗೆ ಅನ್ನವೂ ಉಳಿಯಿತು, ಬಾವಿಯೂ ಉಳಿಯಿತು.

೨೦-೨-೪೭
ತಂಗಿ ಸಣ್ಣತಾಯಮ್ಮ ಯಲಿಯೂರಿಂದ ಬಂದು ಹೋದಳು. ಮಳವಳ್ಳಿಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆದು... ಕೋಡುಬಳೆ ತಂದಿದ್ದಳು.

“ಯಾಕಣ್ಣ, ನಗೋದ್ನೂ ಬುಟ್ಬುಟ್ಟಿದ್ದೀಯಾ? ಅದೂ ಒಂದ್ ವ್ರತವಾ?”

ರೇಗಿತು. ಕೇರಿಯ ಹೆಂಗಸರು ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟು, ಯಾರಾದರೂ ಹುಯ್ಯಲಿ ಎಂದು ಕಾಯುತ್ತಾರೆ, ನಾನು ನಗಬೇಕೇ ಎಂದೆ. ಅವಳು ನನ್ನ ಪಂಚೆಗಳನ್ನು ಒಗೆದು ಹರವಿ ಹೊರಟಳು. ಹೋದ ಮೇಲೆ ಕೋಡುಬಳೆ ಎಲ್ಲಾ ಒಂದೇ ಸಲಕ್ಕೆ ತಿಂದುಬಿಟ್ಟೆ. ನಾಚಿಕೆಯಾಯಿತು.

೧೧-೩-೪೭
ಸ್ಕೂಲಿಗೆ ರಜ ಕೊಟ್ಟೆ. ಜ್ವರವಿಲ್ಲ, ನೆಗಡಿಯಿಲ್ಲ. ಏಳಲು ಮನಸ್ಸಿಲ್ಲ. ಹೋದ ವಾರ ಮಳವಳ್ಳಿ ಡಾಕ್ಟರು ನಾಡಿ ನೋಡಿ, ಟಾನಿಕ್ ಕೊಟ್ಟು, “ಸ್ವಲ್ಪ ಜನರ ಜೊತೆ ಬೆರೀರಿ” ಅಂದರು. ಜನರಿಗಾಗಿಯೇ ಬಂದವನು ನಾನು! ಈ ಊರಿನ ಅರ್ಧ ಜನರ ರುಜು ನಾನು ಕಲಿಸಿದ್ದು. ಯಾರ ಮನೆಯ ಸಾರು ಹೇಗಿರುತ್ತದೆ, ಗೊತ್ತಿಲ್ಲ.

೧೭-೪-೪೭, ಸಂಜೆ
ಬಾವಿ ಬಿಟ್ಟರು. ಅಲ್ಲ — ಕೇರಿಯವರೇ ತೆಗೆದುಕೊಂಡರು.

ಸೀಮೆಸುಣ್ಣ ತರಲು ಮಳವಳ್ಳಿಗೆ ಹೋಗಿದ್ದೆ. ಬರುವಷ್ಟರಲ್ಲಿ ಕೇರಿಯ ನಲವತ್ತು ಜನ ಹಗ್ಗ ಕೊಡ ಹಿಡಿದು, ಕಟ್ಟೆ ಹತ್ತಿ, ನೀರು ಸೇದಿ ಆಗಿತ್ತು. ಹುಚ್ಚೀರಯ್ಯ ಕೂಗಾಡಿ ಕೂಗಾಡಿ ಮನೆಗೆ ಹೋದನಂತೆ. ಮುಂದೆ ನಿಂತವನು ಕೇರಿಯ ಯಜಮಾನ ಪುಟ್ಟಮಾದಯ್ಯ. ನನಗೊಂದು ಮಾತು ಹೇಳಬಾರದಿತ್ತೇ ಎಂದು ಅವನನ್ನು ಕೇಳಿದೆ.

“ಯೋಳಿದ್ರೆ ನೀವು ಉಪ್ವಾಸ ಕೂತ್ಬುಡೋರು ಮೇಷ್ಟ್ರೇ. ಆಮ್ಯಾಕೆ ನಾವು ನಿಮ್ಮನ್ನ ನೋಡ್ಕಬೇಕಾ, ನೀರ್ ಸೇದ್ಬೇಕಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಎಂದು ಬರೆದರೆ ಸುಳ್ಳು. ನಾನಿಲ್ಲದೆಯೇ ಆಯಿತಲ್ಲ ಎಂಬ ಹೊಟ್ಟೆಕಿಚ್ಚು.

೧೮-೪-೪೭
ಇನ್ನು ಉಣ್ಣಬಹುದು. ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಕೂತೆ. ಯಾರಾದರೂ ಕರೆಯುತ್ತಾರೆ. ಹನ್ನೆರಡಾಯಿತು. ಎರಡಾಯಿತು. ಕೇರಿಯ ಕಡೆಯಿಂದ ಒಗ್ಗರಣೆ ವಾಸನೆ. ಯಾರೂ ಬರಲಿಲ್ಲ. ಮೇಷ್ಟ್ರು ಉಣ್ಣುವವರಲ್ಲ — ಅಷ್ಟೇ ಅವರಿಗೆ ಗೊತ್ತಿರುವುದು.

೨೧-೪-೪೭
ನಾನೇ ಹೋದೆ. ಪುಟ್ಟಮಾದಯ್ಯನ ಹೆಂಡತಿ ಮಂಗಳಮ್ಮ ಒಲೆ ಮುಂದಿನಿಂದ ಎದ್ದು ಬಂದಳು. “ಏನ್ ಬೇಕಾಗಿತ್ತು ಬುದ್ಧಿ?” ಧಣಿಗಳಿಗೆ ಅನ್ನುವ ಹಾಗೆ ಬುದ್ಧಿ ಅನ್ನಬೇಡಿ ಎಂದು ಆರು ವರ್ಷದಿಂದ ಹೇಳುತ್ತಿದ್ದೇನೆ.

ಹಸಿವು ಎನ್ನಲೆಂದೇ ಹೋದವನು, ಮಗಳು ಏಕೆ ಸ್ಕೂಲಿಗೆ ಬರಲಿಲ್ಲ ಎಂದು ಕೇಳಿ ವಾಪಸು ಬಂದೆ. ಹುಡುಗಿ ಬೆಳಿಗ್ಗೆ ಸ್ಕೂಲಿನಲ್ಲಿ ನನ್ನ ಎದುರಿಗೇ ಕೂತಿದ್ದಳು.

೨೨-೪-೪೭, ಹನ್ನೆರಡೂವರೆ
ಮತ್ತೆ ಹೊರಟಿದ್ದೇನೆ. ಆರು ವರ್ಷ ಭಾಷಣ ಮಾಡಿದ ಬಾಯಿ, ಇಷ್ಟಕ್ಕೆ ತಡವರಿಸುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಾಯಿ, ಹಸಿವು...

ಭಿಕ್ಷೆಯವರ ಹಾಗಾಯಿತು. ಬೇಡ.

ಮಂಗಳಕ್ಕ, ಹಸಿವಾಗಿದೆ. ಇವತ್ತು ನಿಮ್ಮ ಜೊತೆ ಕೂತು —